ಕ್ವಾಯಕ್ಕನ ತಾರೆಗೆ ಏಳು ಹುಟ್ಟಿದ ವರ್ಷ

ತೌ ಮುಂಗ್-ಯಿನ್ ನೂರಾ ಮೂವತ್ತೆಂಟು ಚಿತ್ರಗಳಲ್ಲಿ ನಟಿಸಿದಳು. ತೊಂಬತ್ತರಲ್ಲಿ ಅತ್ತಳು, ನಲವತ್ತೊಂದರಲ್ಲಿ ಸತ್ತಳು, ಆರರಲ್ಲಿ ಸತ್ತ ಮೇಲೂ ಎದ್ದು ಬಂದು ಹಾಡಿದಳು. ಈ ಲೆಕ್ಕ ಇಟ್ಟದ್ದು ಯಾವ ಸಿನಿಮಾ ಪತ್ರಿಕೆಯೂ ಅಲ್ಲ, ಅವಳ ಮನೆಗೆಲಸದ ಕ್ವಾಯಕ್ಕ. ಕ್ವಾಯಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ತೆರೆಯ ಮೇಲೆ ಸತ್ತವರಿಗೆ ಅಪಶಕುನ ಕಳೆಯಲೆಂದು ಸ್ಟುಡಿಯೊದವರು ದುಡ್ಡಿಟ್ಟ ಒಂದು ಕೆಂಪು ಲಕೋಟೆ ಕೊಡುವುದು ನಮ್ಮಲ್ಲಿ ಪದ್ಧತಿ. ಖಾಲಿಯಾದ ಆ ಲಕೋಟೆಗಳನ್ನು ಆಕೆ ಅಕ್ಕಿ ಡಬ್ಬಿಯ ಹಿಂದೆ ಜೋಡಿಸಿಟ್ಟಿದ್ದಳು. ಹಾಗಾಗಿ ಸಾವಿನ ಸಂಖ್ಯೆಯಲ್ಲಿ ತಪ್ಪಿಲ್ಲ. ಅಳುವಿನ ಸಂಖ್ಯೆ ಅಂದಾಜು.

ಮುಂಗ್-ಯಿನ್ ಹುಟ್ಟಿದ್ದು ಕ್ಯಾಂಟನ್ ಪಟ್ಟಣದಲ್ಲಿ, ಸಾವಿರದ ಒಂಬೈನೂರ ಇಪ್ಪತ್ತಾರರ ಚಳಿಗಾಲದಲ್ಲಿ. ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿ, ಒಟ್ಟು ಹನ್ನೆರಡು; ಅದು ಹುಲಿ ವರ್ಷ. ಹೆರಿಗೆಯ ಕೋಣೆಯಲ್ಲಿ ದೀಪ ಹಿಡಿದು ನಿಂತಿದ್ದವಳು ಕ್ವಾಯ್. ರೇಷ್ಮೆ ಸೀಮೆಯ ಹಳ್ಳಿಯಿಂದ ಆ ಮನೆಗೆ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು, ಹದಿನಾಲ್ಕು ತುಂಬಿತ್ತು. ಮಗು ಹೆಣ್ಣು ಎಂದಾಗ ತಾಯಿ ನಿಟ್ಟುಸಿರು ಬಿಟ್ಟಳು. ಹುಲಿ ವರ್ಷ ಎಂದು ನೆನಪಾದಾಗ ಜೋರಾಗಿ ಅತ್ತಳು. ಹುಲಿ ವರ್ಷದ ಹೆಣ್ಣನ್ನು ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲ, ಗಂಡನನ್ನು ತಿಂದುಬಿಡುತ್ತಾಳಂತೆ. ಅದಕ್ಕೆ ತಾಯಿ ಮಗುವನ್ನು ಮೂರು ತಿಂಗಳು ಒಳಮನೆಯಲ್ಲೇ ಬಚ್ಚಿಟ್ಟು, ಹೊಸ ವರ್ಷ ಕಳೆದ ಮೇಲೆ ಈಗಷ್ಟೇ ಮಗು ಹುಟ್ಟಿತೆಂದು ನೆಂಟರಿಗೆ ಕೆಂಪು ಮೊಟ್ಟೆ ಹಂಚಿದಳು. ನೋಡಲು ಬಂದವರೆಲ್ಲ, ಹುಟ್ಟಿದ ವಾರದಲ್ಲೇ ಕತ್ತು ನಿಂತಿದೆಯಲ್ಲ ಎಂದು ಬೆರಗಾದರು. ಹೀಗೆ ಮಗು ಮುಂದಿನ ವರ್ಷದ ಮೊಲವಾಯಿತು. ಮುಂಗ್-ಯಿನ್‌ಳ ನಟನಾ ವೃತ್ತಿ ಶುರುವಾದದ್ದು ಅಂದೇ ಎಂದು ನನ್ನ ಅಭಿಪ್ರಾಯ.

ಕ್ವಾಯ್ ಹದಿನೆಂಟಕ್ಕೆ ತಾನೇ ಜಡೆ ಬಿಚ್ಚಿ ತುರುಬು ಕಟ್ಟಿಕೊಂಡಳು. ರೇಷ್ಮೆ ಸೀಮೆಯಲ್ಲಿ ಅದು ವ್ರತ: ಅದೇ ವ್ರತ ಹಿಡಿದ ಹಿರಿಯ ಅಕ್ಕಂದಿರ ಎದುರು, ದೇವಿ ಕುನ್ ಯಾಮ್‌ಳ ಮುಂದೆ, ಮದುವೆಯಾಗುವುದಿಲ್ಲ, ನನ್ನ ಅನ್ನ ನಾನೇ ದುಡಿದು ತಿನ್ನುತ್ತೇನೆ ಎಂದು ಮಾತು ಕೊಡುವುದು. ಅಂದಿನಿಂದ ಬಿಳಿ ರವಿಕೆ, ಕಪ್ಪು ಷರಾಯಿ, ಎಣ್ಣೆ ಹಾಕಿ ಬಿಗಿದ ತುರುಬು. ಯುದ್ಧ ಬಂದು ಕ್ಯಾಂಟನ್ ಜಪಾನಿಗಳ ಪಾಲಾದಾಗ ಮನೆಯೊಡತಿ, ಮಗಳು, ಕ್ವಾಯ್ ಮೂವರೂ ಹಾಂಗ್‌ಕಾಂಗಿಗೆ ಬಂದು ಕೌಲೂನಿನಲ್ಲಿ ಒಂದು ಕೋಣೆ ಹಿಡಿದರು. ಮನೆಯ ಕಾಗದಪತ್ರಗಳೆಲ್ಲ ಕ್ಯಾಂಟನ್ನಿನಲ್ಲೇ ಸುಟ್ಟುಹೋದವು. ತಾಯಿಗೆ ಇದರಿಂದ ಆದ ಅನುಕೂಲವನ್ನು ಮುಂದೆ ನೋಡುವಿರಿ.

ನಲವತ್ತಾರರಲ್ಲಿ ಮೊದಲ ಚಿತ್ರ. ಮಗಳಿಗೆ ಇಪ್ಪತ್ತು; ತಾಯಿ ಹದಿನೇಳು ಎಂದಳು. ಮೊಲ ಹೋಗಿ ಹಾವಾಯಿತು. ನಲವತ್ತೊಂಬತ್ತರಲ್ಲಿ ಸರ್ಕಾರ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟಾಗ ಹದಿನೆಂಟು ಎಂದು ಬರೆಸಿದರು. ಮೂರು ವರ್ಷದಲ್ಲಿ ಒಂದೇ ವರ್ಷ ಬೆಳೆದಳು, ಹಾವು ಕುರಿಯಾಯಿತು. ಅರವತ್ತರಲ್ಲಿ ಹೊಸ ಚೀಟಿ ಬಂತು, ಮೂವತ್ತೈದರಲ್ಲಿ ಹುಟ್ಟಿದೆ ಎಂದಳು; ಕುರಿ ಹಂದಿಯಾಯಿತು. ಜಾಣ ನಟಿಯರು ಒಂದೇ ಸಲ ಹನ್ನೆರಡು ವರ್ಷ ಕಳೆಯುತ್ತಾರೆ. ಹನ್ನೆರಡು ಪ್ರಾಣಿಗಳ ಚಕ್ರ ಒಂದು ಸುತ್ತು ತಿರುಗಿ ಅದೇ ಪ್ರಾಣಿ ಬರುತ್ತದೆ, ಗ್ರಹಚಾರ ಕೆಡುವುದಿಲ್ಲ. ಮುಂಗ್-ಯಿನ್‌ಗೆ ಈ ಶಿಸ್ತು ಇರಲಿಲ್ಲ. ಅಗತ್ಯ ಬಿದ್ದಾಗ ಬಿದ್ದಷ್ಟು ಕಳೆಯುತ್ತಿದ್ದಳು.

ಆ ದಿನಗಳಲ್ಲಿ ಕ್ಯಾಂಟನೀಸ್ ಚಿತ್ರವೊಂದನ್ನು ಏಳು ದಿನದಲ್ಲಿ ಮುಗಿಸುತ್ತಿದ್ದರು. ಬೆಳಿಗ್ಗೆ ಒಂದು ಚಿತ್ರದ ಸೊಸೆ, ಮಧ್ಯಾಹ್ನ ಇನ್ನೊಂದರ ವಿಧವೆ, ಸಂಜೆ ಮೂರನೆಯದರ ಹುಚ್ಚಿ. ಸೀರಿಯಸ್ಸಾಗಿ ಅಳಬೇಕಾದ ದೃಶ್ಯದಲ್ಲಿ ಯಾವ ಗಂಡ ಸತ್ತದ್ದು ಎಂದು ಮುಂಗ್-ಯಿನ್ ನಿರ್ದೇಶಕರನ್ನು ಕೇಳಿದ್ದು ಒಂದೆರಡು ಸಲವಲ್ಲ. ಪತ್ರಿಕೆಗಳು ಅವಳನ್ನು ದಕ್ಷಿಣದ ಕಣ್ಣೀರ ಮುತ್ತು ಎಂದು ಕರೆದವು. ಮುತ್ತಿನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಕ್ವಾಯಕ್ಕ, ಕೈಯಲ್ಲಿ ಸಾರಿನ ಥರ್ಮಾಸ್. ಕ್ಯಾಮೆರಾ ಪೆಟ್ಟಿಗೆಯ ಮೇಲೆ ಹೆಂಗಸರು ಕುಳಿತರೆ ಚಿತ್ರ ಕೆಡುತ್ತದೆ ಎಂಬುದು ಸ್ಟುಡಿಯೊದ ನಿಯಮ, ಬೇರೆ ಆಸನವಿರಲಿಲ್ಲ. ಕ್ವಾಯಕ್ಕ ಇಪ್ಪತ್ತಮೂರು ವರ್ಷ ನಿಂತಳು. ಯಾರಾದರೂ ಯಿನ್‌ಳ ವಯಸ್ಸು ಕೇಳಿದರೆ, ಆ ವರ್ಷದ ಸಂಖ್ಯೆ ಯಾವುದೋ ಅದನ್ನೇ ಹೇಳುತ್ತಿದ್ದಳು. ಅದನ್ನು ಆಕೆ ಸುಳ್ಳೆಂದು ಎಣಿಸಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಂತೆ ಅದೂ ಕೆಲಸದ ಒಂದು ಭಾಗ.

ಆಮೇಲೆ ಜನ ಕ್ಯಾಂಟನೀಸ್ ಚಿತ್ರ ನೋಡುವುದನ್ನು ಬಿಟ್ಟರು. ಮ್ಯಾಂಡರಿನ್ ಭಾಷೆಯ ಕತ್ತಿವರಸೆ ಚಿತ್ರಗಳು ಬಂದವು, ಬಣ್ಣ ಬಣ್ಣದ ರಕ್ತದೊಂದಿಗೆ. ಅರವತ್ತೊಂಬತ್ತರ ನಂತರ ಮುಂಗ್-ಯಿನ್‌ಗೆ ಒಂದೂ ಅವಕಾಶ ಬರಲಿಲ್ಲ. ತಾಯಿ ತೀರಿಕೊಂಡಿದ್ದಳು. ಮದುವೆಯಾಗಿರಲಿಲ್ಲ, ಪ್ರೇಕ್ಷಕರು ಮದುವೆಯಾದವಳ ಕಣ್ಣೀರು ನಂಬುವುದಿಲ್ಲ ಎಂದು ತಾಯಿ ಬಿಟ್ಟಿರಲಿಲ್ಲ. ನಾಲ್ಕು ವರ್ಷ ಅವಳೂ ಕ್ವಾಯಕ್ಕನೂ ಮನೆಯಲ್ಲಿ ಕುಳಿತು ಕಿಟಕಿಯಿಂದ ಬಸ್ಸು ನೋಡಿದರು.

ಎಪ್ಪತ್ತಮೂರರ ಶರತ್ಕಾಲದಲ್ಲಿ ಡೈಮಂಡ್ ಹಿಲ್‌ನ ವಿಂಗ್ ಫೂಕ್ ಸ್ಟುಡಿಯೊದ ಮಾಕ್ ಯಜಮಾನರು ಹೇಳಿ ಕಳಿಸಿದರು. ಕತ್ತಿವರಸೆ ಮನೆತನದ ಚಿತ್ರ. ಹಿರಿ ಸೊಸೆಯ ಪಾತ್ರ, ಮೂವತ್ತರ ವಿಧವೆ. ಕಿರಿ ಸೊಸೆಯಾಗಿ ಶೆಕ್ ಪಿಂಗ್ ಎಂಬ ಇಪ್ಪತ್ನಾಲ್ಕರ ಹುಡುಗಿ. ಮುಂಗ್-ಯಿನ್ ಆಗ ಚೀಟಿಯ ಪ್ರಕಾರ ಮೂವತ್ತೆಂಟು, ಕ್ವಾಯಕ್ಕನ ಪ್ರಕಾರ ನಲವತ್ತೇಳು.

ಎಲ್ಲ ಸರಿಹೋಗಿತ್ತು, ಮುಹೂರ್ತವೊಂದನ್ನು ಬಿಟ್ಟು.

ಮುಹೂರ್ತಕ್ಕೆ ಕ್ಯಾಮೆರಾಕ್ಕೆ ಕೆಂಪು ಬಟ್ಟೆ ಹೊದಿಸಿ, ಮುಂದೆ ಇಡಿಯಾಗಿ ಸುಟ್ಟ ಹಂದಿಯನ್ನಿಟ್ಟು ಧೂಪ ಬೆಳಗುತ್ತಾರೆ. ವಿಂಗ್ ಫೂಕ್‌ನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ: ಹಂದಿಯ ಮೇಲೆ ಮೊದಲ ಚಾಕು ಯಾರದೋ, ಪೋಸ್ಟರ್ ಮೇಲೆ ಮೊದಲ ಹೆಸರು ಅವರದು. ಪಂಚಾಂಗ ನೋಡುವ ಯೂ ಪಂಡಿತರು ಆರಿಸಿದ ದಿನ ಹಾವಿನ ದಿನ; ವರ್ಷಕ್ಕಿರುವಂತೆ ದಿನಕ್ಕೂ ಒಂದು ಪ್ರಾಣಿಯುಂಟು. ಹಾವಿಗೂ ಹಂದಿಗೂ ಆಗದು. ಹಂದಿ ವರ್ಷದಲ್ಲಿ ಹುಟ್ಟಿದವರು ಅಂದು ಸ್ಟುಡಿಯೊದ ಗೇಟಿನೊಳಗೆ ಬರಕೂಡದು. ಹಿಂದಿನ ಚಿತ್ರದಲ್ಲಿ ಇದನ್ನು ಲೆಕ್ಕಿಸದೆ ಒಬ್ಬ ಹೊಡೆದಾಟದವನ ಕಾಲು ಮುರಿದಿದ್ದರಿಂದ ಯಜಮಾನರು ಸಡಿಲ ಬಿಡುವಂತಿರಲಿಲ್ಲ. ಬೇರೆ ದಿನವೂ ಇರಲಿಲ್ಲ; ಆ ತಿಂಗಳ ಉಳಿದ ದಿನಗಳೆಲ್ಲ ಯಜಮಾನರಿಗೋ ಅವರ ಕ್ಯಾಮೆರಾಮನ್‌ಗೋ ಆಗದವು.

ಹಾಗಾಗಿ ಚಾಕು ಶೆಕ್ ಪಿಂಗ್‌ಗೆ ಹೋಗುವುದೆಂದು ಮೇಕಪ್ ಕೋಣೆಯಲ್ಲಿ ತೀರ್ಮಾನವಾಯಿತು. ಶೆಕ್ ಪಿಂಗ್‌ಳ ತಾಯಿ, ಮಗಳ ನೆರಳಿನಂತೆ ಎಲ್ಲೆಡೆ ಬರುವ ಹೆಂಗಸು, ಕನ್ನಡಿಯ ಕಡೆ ನೋಡುತ್ತ ಸಮಾಧಾನ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಮಿಸ್ ತೌ. ಟೇಬಲ್ ಮೇಲೆ ಒಂದು ಇರುತ್ತಲ್ಲ, ಮುಂದೆ ನಿಂತ್ಕೊಳ್ಳೋಕೆ ಇನ್ನೊಂದು ಯಾಕೆ."

ಮುಂಗ್-ಯಿನ್ ನೇರ ಮಾಕ್ ಯಜಮಾನರ ಬಳಿ ಹೋಗಿ, ಚೀಟಿಯಲ್ಲಿರುವುದು ಗುಮಾಸ್ತನ ತಪ್ಪು, ತಾನು ಹಂದಿಯೇ ಅಲ್ಲ ಎಂದಳು. ಯಜಮಾನರಿಗೆ ಆಶ್ಚರ್ಯವಾಗಲಿಲ್ಲ. ಅವರ ಚೀಟಿಯಲ್ಲೂ ಗುಮಾಸ್ತನ ತಪ್ಪಿತ್ತು. ಆದರೆ ಸರಿಯಾದ್ದು ಯಾವುದು ಎಂಬುದಕ್ಕೆ ಸಾಕ್ಷಿ ಬೇಕಲ್ಲ. ಅವರ ತಾಯಿ, ಎಂಬತ್ತು ದಾಟಿದ ಮಾಕ್ ಅಜ್ಜಿ, ದಾರಿ ಹೇಳಿದರು. ಅಜ್ಜಿಯನ್ನು ಸಾಕಿದ್ದೂ ತುರುಬು ಕಟ್ಟಿದ ಒಬ್ಬ ಅಕ್ಕನೇ. ಡಾಕ್ಟರು ಸುಳ್ಳು ಹೇಳಬಹುದು, ಸರ್ಕಾರ ಹೇಳಬಹುದು, ಅಂಥ ಅಕ್ಕ ದೇವಿಯ ಮುಂದೆ ಧೂಪ ಹಿಡಿದು ಸುಳ್ಳಾಡುವುದಿಲ್ಲ. ಕ್ವಾಯ್‌ಳನ್ನು ಕರೆತನ್ನಿ, ಯಾವ ಪ್ರಾಣಿ ಎಂದು ಆಕೆ ಹೇಳಲಿ.

ಮರುದಿನ ಮಧ್ಯಾಹ್ನ ಕ್ವಾಯಕ್ಕ ಕಮಲದ ಗಡ್ಡೆ ಹೆಚ್ಚುತ್ತಿದ್ದಾಗ ಮುಂಗ್-ಯಿನ್ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿದಳು. ಪಂಚಾಂಗವನ್ನು ಅವಳೇ ಓದಿ ಮುಗಿಸಿದ್ದಳು.

"ಕ್ವಾಯಕ್ಕ, ಎತ್ತು ಅಂತ ಹೇಳ್ಬಿಡು. ಮೂವತ್ತೇಳರ ಎತ್ತು. ಹಾವಿನ ದಿನಕ್ಕೆ ಎತ್ತು ತುಂಬಾ ಒಳ್ಳೇದಂತೆ."

"ಮೂವತ್ತೇಳಾ? ಅಂದ್ರೆ ಇನ್ನೂ ಎರಡು ವರ್ಷ ಚಿಕ್ಕೋಳಾಗ್ತೀಯ."

"ಅದು ತಾನಾಗೇ ಬಂತು. ನಾನೇನು ಕೇಳ್ಲಿಲ್ಲ."

"ಹುಲಿ ಆಗಿ ಹುಟ್ಟಿದೆ. ಮೊಲ ಆಯ್ತು, ಹಾವಾಯ್ತು, ಕುರಿ ಆಯ್ತು, ಹಂದಿ ಆಯ್ತು. ಈಗ ಎತ್ತು. ನಿಂಗೆ ಮನೆ ಅಲ್ಲ ಕಣೇ, ದೊಡ್ಡಿ ಕಟ್ಟಿಸ್ಬೇಕು."

ಮುಂಗ್-ಯಿನ್ ನಗಲಿಲ್ಲ. ನಾಲ್ಕು ವರ್ಷದ ನಂತರ ಒಂದು ಪಾತ್ರ ಬಂದಿದೆ, ಪೋಸ್ಟರ್ ಮೇಲೆ ಆ ಹುಡುಗಿಯ ಕೆಳಗೆ ಹೆಸರು ಬಂದರೆ ಮುಂದಿನದು ಅತ್ತೆಯ ಪಾತ್ರ, ಅದರ ಮುಂದಿನದು ಹೆಣದ ಪಾತ್ರ ಎಂದಳು. ನಿಜ ಹೇಳಿದರೆ ಈ ಪಾತ್ರವೂ ಇಲ್ಲ. ಮೂವತ್ತರ ವಿಧವೆಯನ್ನು ನಲವತ್ತೇಳರವಳಿಗೆ ಯಾರು ಕೊಡುತ್ತಾರೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕ್ವಾಯಕ್ಕನ ಕಷ್ಟ ಬೇರೆ. ಮದುವೆಯಾಗದ ಹೆಂಗಸು ತೌರಿನಲ್ಲೂ ಸಾಯುವಂತಿಲ್ಲ, ಒಡತಿಯ ಮನೆಯಲ್ಲೂ ಸಾಯುವಂತಿಲ್ಲ. ಗುಡ್ಡದ ಬುಡದಲ್ಲಿ ಅಕ್ಕಂದಿರದೇ ಒಂದು ಮಠವಿದೆ. ಮುದುಕಿಯರಾದಾಗ ಅಲ್ಲಿ ಸೇರುತ್ತಾರೆ, ಹೆಸರಿನ ಹಲಗೆಯೊಂದನ್ನು ದೇವಿಯ ಬದಿಯ ಗೋಡೆಗೆ ಇಡುತ್ತಾರೆ. ಮುಂದೆ ಅದಕ್ಕೆ ದಿನಾ ಧೂಪ ತೋರಿಸುವವರು ಇರುತ್ತಾರೆ. ಹಲಗೆಯಿಲ್ಲದವಳು ಸತ್ತ ಮೇಲೆ ಹಸಿದು ಅಲೆಯುತ್ತಾಳೆ. ಹಲಗೆ ಇಡುವ ಮೊದಲು ಮಠದ ಹಿರಿಯಕ್ಕ ಒಂದು ಪ್ರಶ್ನೆ ಕೇಳುತ್ತಾಳೆ: ದೇವಿಯ ಮುಂದೆ ಎಂದಾದರೂ ಸುಳ್ಳು ಹೇಳಿದ್ದೀಯಾ?

"ಅಂಗಡಿಯವನ ಹತ್ರ ಎತ್ತು ಅನ್ನು ಅಂದ್ರೆ ಅಂತೀನಿ," ಎಂದಳು ಕ್ವಾಯಕ್ಕ. "ಪೇಪರಿನವ್ರ ಹತ್ರ ಆನೆ ಅನ್ನು ಅಂದ್ರೂ ಅಂತೀನಿ. ಧೂಪ ಹಿಡ್ಕೊಂಡು ಹೇಗೆ ಅನ್ಲಿ?"

"ಹಾಗಾದ್ರೆ ಬರ್ಬೇಡ."

"ಬರದಿದ್ರೆ ಹಂದಿ ಆಗಿ ಉಳೀತೀಯ. ಬರ್ತೀನಿ. ಏನು ಹೇಳ್ತೀನಿ ಅಂತ ಮಾತ್ರ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಎರಡು ದಿನ ಮುಂಗ್-ಯಿನ್ ಸಾರು ಕುಡಿಯದೆ ಪ್ರತಿಭಟಿಸಿದಳು. ಕ್ವಾಯಕ್ಕ ಅದನ್ನೇ ಬಿಸಿ ಮಾಡಿ ಮತ್ತೆ ಇಟ್ಟಳು.

ಮೂರನೆಯ ದಿನ ಮಾಕ್ ಅಜ್ಜಿಯ ಮನೆಯ ದೇವರ ಕೋಣೆಯಲ್ಲಿ ಆರು ಜನ ಸೇರಿದರು: ಅಜ್ಜಿ, ಯಜಮಾನರು, ಯೂ ಪಂಡಿತರು, ಮುಂಗ್-ಯಿನ್, ಕ್ವಾಯಕ್ಕ, ಮತ್ತು ಯಾರೂ ಕರೆಯದಿದ್ದರೂ ಶೆಕ್ ಪಿಂಗ್‌ಳ ತಾಯಿ. ಕ್ವಾಯಕ್ಕ ಗಂಜಿ ಹಾಕಿದ ಹೊಸ ರವಿಕೆ ತೊಟ್ಟಿದ್ದಳು. ಕೈ ತೊಳೆದು, ಮೂರು ಧೂಪದ ಕಡ್ಡಿ ಹಿಡಿದು ಮಂಡಿಯೂರಿದಳು. ಮುಂಗ್-ಯಿನ್‌ಳ ಮುಖದಲ್ಲಿ ಆ ಹೊತ್ತು ಕಂಡ ದುಃಖವನ್ನು ಅವಳು ಅದುವರೆಗಿನ ನೂರಾ ಮೂವತ್ತೇಳು ಚಿತ್ರಗಳಲ್ಲಿ ಒಮ್ಮೆಯೂ ತೋರಿಸಿರಲಿಲ್ಲ.

ಅಜ್ಜಿ ಕೇಳಿದರು. ಕ್ವಾಯಕ್ಕ ಕಡ್ಡಿಗಳ ಬೂದಿಯನ್ನು ಒಂದು ಸಲ ಉದುರಿಸಿದಳು.

"ಹುಲಿ," ಎಂದಳು.

ಪಂಡಿತರು ಪಂಚಾಂಗ ತಿರುವಿ, ಹುಲಿಗೆ ಆ ದಿನ ಅಡ್ಡಿಯಿಲ್ಲ ಎಂದರು. ಮಾಕ್ ಯಜಮಾನರು ಬೆರಳು ಮಡಚಿ ಎಣಿಸಿದರು. ಅವರು ನಿರ್ಮಾಪಕರು, ಎಣಿಸುವುದು ಅವರಿಗೆ ಹೊಸದಲ್ಲ. ತುಸು ಹೊತ್ತಿನಲ್ಲಿ ಮುಖ ಅರಳಿತು.

"ಹುಲಿ ಅಂದ್ರೆ ಮೂವತ್ತೆಂಟರಲ್ಲಿ ಹುಟ್ಟಿದ್ದು. ಅಂದ್ರೆ ಮಿಸ್ ತೌಗೆ ಮೂವತ್ತೈದೇ? ಛೇ, ಮೊದ್ಲೇ ಹೇಳ್ಬಾರ್ದಾ."

ಹಾಗಾದರೆ ಮೊದಲ ಚಿತ್ರದ ಹೊತ್ತಿಗೆ ಅವಳಿಗೆ ಎಂಟೇ ವರ್ಷವಾಗುತ್ತಿತ್ತು; ಅಷ್ಟು ಎಣಿಸಲು ಅವರಿಗೆ ಬೆರಳು ಉಳಿದಿರಲಿಲ್ಲ. ಅದು ಮೂವತ್ತೆಂಟರ ಹುಲಿಯೂ ಆಗಬಹುದಿತ್ತು, ಇಪ್ಪತ್ತಾರರ ಹುಲಿಯೂ ಆಗಬಹುದಿತ್ತು. ಶೆಕ್ ಪಿಂಗ್‌ಳ ತಾಯಿಗೆ ಅದು ಹೊಳೆಯದೆ ಇರುತ್ತದೆಯೇ. ಯಾವ ಹುಲಿ ಎಂದು ಕೇಳಿಯೇಬಿಟ್ಟಳು. ಧೂಪ ಇನ್ನೂ ಕ್ವಾಯಕ್ಕನ ಕೈಯಲ್ಲೇ ಉರಿಯುತ್ತಿತ್ತು. ಈಗ ಹೇಳುವುದೆಲ್ಲ ಆಣೆಯ ಲೆಕ್ಕಕ್ಕೇ ಸೇರುತ್ತದೆ.

"ಇಸವಿ ನಂಗೆ ಬರಲ್ಲಮ್ಮ, ಓದಿಲ್ಲ," ಎಂದಳು ಕ್ವಾಯಕ್ಕ. "ಗೊತ್ತಿರೋದು ಹೇಳ್ತೀನಿ. ಇವಳು ಹುಟ್ಟಿದಾಗ ನಂಗೆ ಹದಿನಾಲ್ಕು ತುಂಬಿತ್ತು. ಕೈಯಲ್ಲಿ ದೀಪ ಇತ್ತು. ಹೊಕ್ಕಳಬಳ್ಳಿ ಕತ್ತರಿಸಿದ್ದು ನೋಡಿದೀನಿ."

ಮುಂಗ್-ಯಿನ್ ಕಣ್ಣು ಮುಚ್ಚಿದಳು. ಇದಕ್ಕಿಂತ ಪೂರ್ತಿಯಾದ ಸತ್ಯ ಇರಲಾರದು. ಇನ್ನು ಒಂದೇ ಒಂದು ಸಂಖ್ಯೆ ಬೇಕಿತ್ತು: ಕ್ವಾಯಕ್ಕನ ವಯಸ್ಸು. ಅದರಿಂದ ಹದಿನಾಲ್ಕು ಕಳೆದರೆ ಮುಗಿಯಿತು. ಒಂದನೆಯ ತರಗತಿಯ ಲೆಕ್ಕ. ಆಕೆ ಎದುರಿಗೇ ಮಂಡಿಯೂರಿದ್ದಳು, ಉತ್ತರ ಕೊಡಲೇಬೇಕಾದ ಸ್ಥಿತಿಯಲ್ಲಿ.

ಯಾರೂ ಕೇಳಲಿಲ್ಲ. ಕೆಲಸದವಳಿಗೆ ವಯಸ್ಸಿರಬಹುದು ಎಂಬುದು ಆ ಕೋಣೆಯಲ್ಲಿ ಯಾರ ತಲೆಗೂ ಬರಲಿಲ್ಲ. ಶೆಕ್ ಪಿಂಗ್‌ಳ ತಾಯಿ ಕ್ವಾಯಕ್ಕನ ಬೆಳ್ಳಗಿನ ತುರುಬನ್ನು ಒಂದು ಕ್ಷಣ ನೋಡಿದ್ದು ನಿಜ. ಆಮೇಲೆ, ಈ ಕೆಲಸದವರಿಗೆ ಬೇಗ ನರೆಯುತ್ತದೆ ಎಂದು ತಾನೇ ಹೇಳಿ ತನ್ನ ಅನುಮಾನವನ್ನು ತಾನೇ ಪರಿಹರಿಸಿಕೊಂಡಳು. ಮಾಕ್ ಅಜ್ಜಿ ಮಾತ್ರ ಕ್ವಾಯಕ್ಕನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಡ್ಡಿಗಳನ್ನು ಚುಚ್ಚಿಬಿಡು, ಕೈ ಸುಟ್ಟೀತು ಎಂದರು. ಪಂಡಿತರು ಮೂವತ್ತೆಂಟರ ಹುಲಿ ಎಂದು ಬರೆದುಕೊಂಡರು. ಆ ಕೋಣೆಯಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ, ಆದರೂ ಅಲ್ಲಿಂದ ಹೊರಬಿದ್ದದ್ದು ಅಪ್ಪಟ ಸುಳ್ಳು.

ಮುಹೂರ್ತದ ದಿನ ಮೊದಲ ಚಾಕು ಮುಂಗ್-ಯಿನ್‌ಳದು. ಹಂದಿಯ ಬೆನ್ನು ಒಂದೇ ಏಟಿಗೆ ಸೀಳಿತು. ಹುಲಿ ಅಂದ್ರೆ ಹುಲಿ ಎಂದು ಲೈಟಿನವರು ಚಪ್ಪಾಳೆ ತಟ್ಟಿದರು. ಚಿತ್ರೀಕರಣ ಸುಗಮವಾಗಿ ನಡೆಯಿತು. ಮುಂಗ್-ಯಿನ್‌ಗೆ ಮ್ಯಾಂಡರಿನ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾತನ್ನು ಆಮೇಲೆ ಬೇರೆಯವರು ಕೂಡಿಸುತ್ತಿದ್ದರು. ತುಟಿ ಆಡಿದರೆ ಸಾಕು. ಹಾಗಾಗಿ ಅವಳು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಗಂಡನ ಶವದ ಮೇಲೆ ಬಿದ್ದು ಮೂವತ್ತಾರರವರೆಗೆ ಎಣಿಸಿದಳು, ಹನ್ನೆರಡರಿಂದ ಕಣ್ಣೀರು. ಕೊಂದವನ ಮೇಲೆ ಸೇಡಿನ ಶಪಥ ಎಂಬತ್ತರವರೆಗೆ ಹೋಯಿತು. ಕ್ಯಾಮೆರಾದ ಹಿಂದೆ ನಿಂತಿದ್ದ ಕ್ವಾಯಕ್ಕ, ಅರವತ್ತೇಳನ್ನು ಬಿಟ್ಟುಬಿಟ್ಟೆ ಎಂದು ಆಮೇಲೆ ತಿದ್ದಿದಳು.

ಮರುವರ್ಷ ಚಿತ್ರ ಬಿಡುಗಡೆಯಾಯಿತು. ಪೋಸ್ಟರ್ ಮೇಲೆ ಮೊದಲ ಹೆಸರು ಅವಳದೇ. ಬೆಳಗಿನ ಪತ್ರಿಕೆಯ ವಿಮರ್ಶಕ ನಟನೆಯನ್ನು ಹೊಗಳಿ, ಕೊನೆಗೆ ಒಂದು ಮಾತು ಸೇರಿಸಿದ್ದ: ಮಿಸ್ ತೌ ಅವರಿಗೆ ಈಗ ಮೂವತ್ತಾರೇ ಎಂದು ತಿಳಿದು ಮರುಕವಾಯಿತು, ಈ ವಯಸ್ಸಿಗೇ ಇಷ್ಟು ಬಾಡಿದ್ದಾರೆ, ಬದುಕು ಅವರನ್ನು ಎಷ್ಟು ದಣಿಸಿರಬೇಕು.

ಮುಂಗ್-ಯಿನ್ ಆ ಪತ್ರಿಕೆಯನ್ನು ಮಡಚಿ ಅದರ ಮೇಲೆ ಮೀನಿನ ಮುಳ್ಳು ಹಾಕಿದಳು. ನಲವತ್ತೆಂಟು ವರ್ಷ ಹಾಲಿನ ಕೆನೆ, ಸೌತೆಕಾಯಿ, ಹಕ್ಕಿಗೂಡಿನ ಸಾರು ಹಾಕಿ ಕಾಪಾಡಿದ ಚರ್ಮವನ್ನು ಮೂವತ್ತಾರರ ಬಾಡಿದ ಚರ್ಮ ಎಂದುಬಿಟ್ಟಿದ್ದ. ನಿಜ ಹೇಳಿಬಿಡು ಎಂದಳು ಕ್ವಾಯಕ್ಕ. ನಲವತ್ತೆಂಟು ಎಂದರೆ ನೀನು ಚೆಲುವೆ, ಮೂವತ್ತಾರು ಎಂದರೆ ರೋಗಿ. ಲೆಕ್ಕ ಅಷ್ಟೇ.

ಮುಂಗ್-ಯಿನ್‌ಗೆ ತತ್ವ ಕೂಡಲೇ ಅರ್ಥವಾಯಿತು. ಅದನ್ನು ಅವಳು ಇನ್ನೂ ಮುಂದಕ್ಕೆ ಒಯ್ದಳು. ಪತ್ರಕರ್ತರನ್ನು ಚಹಾಕ್ಕೆ ಕರೆದು, ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಪ್ರೇಕ್ಷಕರ ಕ್ಷಮೆ ಕೇಳಿ, ಎರಡು ಹನಿ ಕಣ್ಣೀರು ಹಾಕಿ, ನನಗೆ ಐವತ್ನಾಲ್ಕು ಎಂದಳು. ಇಪ್ಪತ್ತರ ಕೋತಿ. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅವಳ ಚಿತ್ರ. ಐವತ್ನಾಲ್ಕಕ್ಕೆ ಈ ಕಾಂತಿ ಹೇಗೆ ಎಂದು ಊರೆಲ್ಲ ಮಾತು. ಸೋಪಿನ ಜಾಹೀರಾತು ಬಂತು. ಟಿವಿಯಲ್ಲಿ ದೊಡ್ಡ ಮನೆತನದ ಯಜಮಾನಿಯ ಪಾತ್ರ ಬಂತು, ಎರಡು ವರ್ಷ ನಡೆಯಿತು. ಅವಳ ಪ್ರಾಮಾಣಿಕತೆಯನ್ನು ಮೆಚ್ಚಿ ಒಂದು ಮಹಿಳಾ ಸಂಘದವರು ಸನ್ಮಾನವನ್ನೂ ಮಾಡಿದರು.

"ಮೊದ್ಲು ನಿಂಗಿಂತ ಹದಿನಾಲ್ಕು ವರ್ಷ ದೊಡ್ಡೋಳು ನಾನು," ಎಂದಳು ಕ್ವಾಯಕ್ಕ, ಹಾರವನ್ನು ಮೊಳೆಗೆ ಸಿಗಿಸುತ್ತ. "ಈಗ ಎಂಟೇ. ಹೀಗೇ ಹೋಗ್ತಿದ್ರೆ ಮುಂದಿನ ವರ್ಷ ನಾನೇ ನಿನ್ನ ಅಕ್ಕಾ ಅಂತ ಕರೀಬೇಕಾಗುತ್ತೆ."

ಎಪ್ಪತ್ತಾರರ ಮಳೆಗಾಲದಲ್ಲಿ ಕ್ವಾಯಕ್ಕನ ಮಂಡಿ ಕೈಕೊಟ್ಟಿತು. ನಿಂತೇ ಕಳೆದ ಇಪ್ಪತ್ತಮೂರು ವರ್ಷಗಳು ಬಾಕಿ ಇದ್ದವು. ಮಠಕ್ಕೆ ಹೋಗುವ ದಿನ ಗಂಟು ಹಿಡಿದುಕೊಂಡವಳು ಮುಂಗ್-ಯಿನ್. ಥರ್ಮಾಸೂ ಅವಳ ಕೈಯಲ್ಲೇ. ದಾರಿಯಲ್ಲಿ ಹಸ್ತಾಕ್ಷರ ಕೇಳಿದ ಇಬ್ಬರಿಗೆ, ಈಗ ಪುರುಸೊತ್ತಿಲ್ಲ ಎಂದು ಗದರಿದಳು.

ಮಠದ ಹಿರಿಯಕ್ಕ ಮುಖ ಎತ್ತದೆ ಮೊದಲ ಪ್ರಶ್ನೆ ಕೇಳಿದಳು. ದೇವಿಯ ಮುಂದೆ ಎಂದಾದರೂ ಸುಳ್ಳು ಹೇಳಿದ್ದೀಯಾ?

"ಇಲ್ಲ," ಎಂದಳು ಕ್ವಾಯಕ್ಕ. ಅವಳ ಪಕ್ಕದಲ್ಲಿ ನಿಂತಿದ್ದವಳು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

ಹಿರಿಯಕ್ಕ ಹಲಗೆ ಬರೆಯಲು ಕುಂಚವನ್ನು ಮಸಿಯಲ್ಲಿ ಅದ್ದಿದಳು. ಬದುಕಿರುವವರ ಹಲಗೆಗೆ ಕೆಂಪು ಕಾಗದ ಅಂಟಿಸಿ ಹೆಸರು ಮುಚ್ಚುತ್ತಾರೆ. ಆದರೆ ಬರೆಯುವುದನ್ನೆಲ್ಲ ಮೊದಲೇ ಬರೆಯಬೇಕು. ಹುಟ್ಟಿದ ವರ್ಷ, ತಿಂಗಳು, ದಿನ ಯಾವುದು ಎಂದಳು.

ಕ್ವಾಯಕ್ಕನನ್ನು ಬದುಕಿನಲ್ಲಿ ಹಾಗೆ ಕೇಳಿದವಳು ಆಕೆಯೇ ಮೊದಲು. ಇನ್ನೊಬ್ಬಳ ಏಳು ಹುಟ್ಟಿದ ವರ್ಷಗಳನ್ನು ಸಾಲಾಗಿ ಹೇಳಬಲ್ಲವಳು ತನ್ನ ಒಂದಕ್ಕಾಗಿ ಬೆರಳು ಮಡಚತೊಡಗಿದಳು.

"ಇಲಿ," ಎಂದಳು ಮುಂಗ್-ಯಿನ್ ಪಕ್ಕದಿಂದ. "ಹನ್ನೆರಡರ ಇಲಿ. ಎಂಟನೇ ತಿಂಗಳು, ಹತ್ತೊಂಬತ್ತನೇ ದಿನ, ಬೆಳಗಿನ ಜಾವ. ಅರವತ್ನಾಲ್ಕು."

ಹಿರಿಯಕ್ಕ ಬರೆದಳು. ಕ್ವಾಯಕ್ಕ ತಿರುಗಿ, ತಾನು ಸಾಕಿದವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅಲ್ಲ ಕಣೇ," ಎಂದಳು. "ಊರಿಗೆಲ್ಲ ಸುಳ್ಳು ಹೇಳ್ಕೊಂಡು ಬಂದೋಳು, ನಂಗಾದ್ರೂ ಒಂದು ನಾಲ್ಕು ವರ್ಷ ಕಮ್ಮಿ ಮಾಡ್ಬಾರ್ದಿತ್ತಾ?"